ಮೇಲ್ಮನೆಯ ಹದಿನೆಂಟು ಸೀಟು

ಬಂದವನು ಎಣಿಸಿ ಕೊಟ್ಟ ಚಿಲ್ಲರೆ ಸರಿಯಾಗಿತ್ತು. ಅಷ್ಟಕ್ಕೇ ಕಂಡಕ್ಟರು ಮೇಲ್ಮನೆ ಬಾಡಿಗೆಗೆ ಕೊಟ್ಟುಬಿಟ್ಟರು.

ಮೂವತ್ತನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಕಳೆದ ಮನುಷ್ಯನಿಗೆ ಸರಿಯಾದ ಚಿಲ್ಲರೆ ಎಂದರೆ ಏನು ಎಂಬುದು ಕೂತು ಪ್ರಯಾಣ ಮಾಡಿದ ನಮಗೆ ನಿಮಗೆ ಅರ್ಥವಾಗುವುದು ಕಷ್ಟ. ಬೆಳಗಿನ ಮೊದಲ ಟ್ರಿಪ್ಪಿಗೇ ದೊಡ್ಡ ನೋಟು ಚಾಚಿ ಕಿಟಕಿಯಾಚೆ ನೋಡುವವರು, ಇಳಿಯುವಾಗ ಕೊಡ್ತೀನಿ ಎಂದು ಹಿಂದಿನ ಬಾಗಿಲಿನಿಂದ ಹಾರಿಕೊಳ್ಳುವವರು, ಹರಿದ ನೋಟನ್ನು ನಾಲ್ಕು ಮಡಿಕೆ ಮಾಡಿ ಕೈಗೆ ತುರುಕುವವರು, ಇವರ ನಡುವೆ ತಿಂಗಳಿಗೆ ಒಬ್ಬರೋ ಇಬ್ಬರೋ ಮೊದಲೇ ಎಣಿಸಿಟ್ಟುಕೊಂಡ ನಾಣ್ಯಗಳನ್ನು ಅಂಗೈ ಮೇಲಿಟ್ಟು ಇಳಿಯುವ ಸ್ಟಾಪು ಹೇಳುತ್ತಿದ್ದರು. ಅಂಥವರನ್ನು ಕಂಡರೆ ಕಂಡಕ್ಟರು ಇನ್ನೊಬ್ಬರನ್ನು ಎಬ್ಬಿಸಿಯಾದರೂ ಸೀಟು ಕೊಡಿಸುತ್ತಿದ್ದರು. ಹೀಗಿರುವಾಗ ಈತ ಮುಂಗಡದ ನೋಟುಗಳನ್ನೆಲ್ಲ ಒಂದೇ ಕಡೆ ಮುಖ ಮಾಡಿ ಜೋಡಿಸಿ, ಅದರ ಪಕ್ಕ ನೀರಿನ ಬಾಬ್ತಿನ ನಾಣ್ಯಗಳನ್ನು ಗೋಪುರ ಕಟ್ಟಿ ಇಟ್ಟಾಗ ಅವರ ಕಣ್ಣು ತುಂಬಿಬಂದದ್ದರಲ್ಲಿ ಆಶ್ಚರ್ಯವಿಲ್ಲ.

"ಭಾವ, ಒಂದು ಸಹಿ ಹಾಕಿಸ್ಕೊಳ್ಳಿ," ಎಂದ ಪಕ್ಕದಲ್ಲೇ ಕೂತಿದ್ದ ಬಾಮೈದ. ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಕಂಕುಳಲ್ಲಿ ಕರಾರುಪತ್ರ ಇಟ್ಟುಕೊಂಡೇ ಬಂದಿದ್ದ. "ಎಷ್ಟು ಜನ ಇರ್ತಾರೆ, ಎಷ್ಟು ದಿನ ಇರ್ತಾರೆ, ಯಾವಾಗ ಬಿಡ್ತಾರೆ, ಎಲ್ಲ ಬರೆದಿದ್ದೀನಿ. ಖಾಲಿ ಜಾಗದಲ್ಲಿ ಹೆಸರು ತುಂಬಿದ್ರೆ ಆಯ್ತು."

"ಸುಮ್ನಿರೋ. ಲೆಕ್ಕ ನೋಡಿದೆಯಾ? ಇಂಥವರ ಹತ್ರ ಕಾಗದ ಕೇಳೋದು ಅಂದ್ರೆ ಅವಮಾನ ಮಾಡಿದ ಹಾಗೆ."

"ಕಾಗದ ಅವಮಾನ ಅಲ್ಲ ಭಾವ. ಕಾಗದ ಅಂದ್ರೆ ಕಾಗದ."

"ಮೂವತ್ತನಾಲ್ಕು ವರ್ಷ ಜನರನ್ನ ನೋಡಿದ್ದೀನಿ. ಟಿಕೆಟ್ ಇಲ್ದೋನು ಯಾವನು ಅಂತ ಬೆನ್ನು ನೋಡಿ ಹೇಳ್ತೀನಿ."

"ಹೌದೌದು, ಬೆನ್ನು ನೋಡೇ ಹೇಳ್ತಾರೆ," ಎಂದು ಹೊಲಿಗೆ ಯಂತ್ರದ ಹಿಂದಿನಿಂದ ಹೆಂಡತಿಯ ದನಿ ಬಂತು. "ಅವರು ಓಡಿಹೋಗುವಾಗ ಇವರಿಗೆ ಕಾಣೋದು ಬೆನ್ನೇ ತಾನೇ."

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುತ್ತಿದ್ದ ಆಕೆ ಕೆಳಗಿನ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದರು. ಹೀಗೆ ಚುಚ್ಚಿ ಮಾತಾಡಲು ಅವರಿಗೆ ಕಾರಣವೂ ಇತ್ತು. ಮೇಲ್ಮನೆಗೆ ಮೊದಲು ಬಂದಿದ್ದವನು ಬಿಟ್ಟು ಹೋಗುವಾಗ ನಲ್ಲಿ, ಬಲ್ಬಿನ ಹೋಲ್ಡರು, ಬಾಗಿಲ ಚಿಲಕ ಎಲ್ಲ ಕಿತ್ತುಕೊಂಡು, ಕಡೆಗೆ ಬಚ್ಚಲಿನ ಬಾಗಿಲನ್ನೂ ಹೊತ್ತುಕೊಂಡು ಹೋಗಿದ್ದ. ಆರು ತಿಂಗಳು ಅಲ್ಲಿ ಟೈಲರಮ್ಮ ಹೊಲಿದ ಪರದೆಯೇ ಬಾಗಿಲು. ಆಮೇಲೆ ಬಂದ ಗಂಡಹೆಂಡಿರು ದಿನವೂ ಪಾತ್ರೆ ಎಸೆದಾಡುತ್ತಿದ್ದರು. ಪಾಪ ಎಂದು ಇವರಿಬ್ಬರೂ ಹೋಗಿ ರಾಜಿ ಮಾಡಿಸಿದರೆ, ರಾಜಿಯಾದ ಸಂತೋಷಕ್ಕೆ ಆ ಜೋಡಿ ಒಟ್ಟಾಗಿ ಹೋಗಿ ಇವರ ಮೇಲೇ ಪೊಲೀಸರಿಗೆ ದೂರು ಕೊಟ್ಟಿತ್ತು. ಮೂರನೆಯವನು ಫೋಟೋಗ್ರಾಫರು. ಬೆಳಕು ಬರಬಾರದೆಂದು ಕಿಟಕಿಗಳಿಗೆ ಮೊಳೆ ಹೊಡೆದು, ಗೋಡೆ, ಚಾವಣಿ, ನೆಲ ಎಲ್ಲಕ್ಕೂ ಕಪ್ಪು ಬಣ್ಣ ಬಳಿದಿದ್ದ.

"ಅವರನ್ನೆಲ್ಲ ಆರಿಸಿದ್ದು ಇದೇ ಕಣ್ಣು," ಎಂದು ಟೈಲರಮ್ಮ ಕತ್ತರಿಯ ತುದಿಯಿಂದ ಗಂಡನ ಮುಖ ತೋರಿಸಿದರು.

ಬಂದವನು ಎಲ್ಲವನ್ನೂ ನಗುನಗುತ್ತಾ ಕೇಳಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬಾಚಿದ ತಲೆ, ಮಾತಿಗೆ ಮುಂಚೆ ನಗು. "ನಾನೊಬ್ಬನೇ ಅಕ್ಕಾ. ಸದ್ದುಗದ್ದಲ ಇಲ್ಲ. ಮನೇಲಿದ್ದೀನೋ ಇಲ್ವೋ ಅಂತ ನಿಮಗೇ ಗೊತ್ತಾಗಲ್ಲ ನೋಡಿ."

ಆ ಮಾತು ಅಕ್ಷರಶಃ ನಿಜವಾಯಿತು. ಆ ಮನುಷ್ಯ ಆ ಮನೆಯಲ್ಲಿ ಒಂದು ದಿನವೂ ಮಲಗಲಿಲ್ಲ.

ಮೊದಲ ವಾರ ಬಂದದ್ದು ಅವನ ಚಿಕ್ಕಪ್ಪನ ಮಗ. ಎರಡನೆಯ ವಾರ ದೊಡ್ಡಪ್ಪನ ಮಕ್ಕಳು ಮೂವರು. ಮೂರನೆಯ ವಾರ ಆರು ಕಬ್ಬಿಣದ ಮಂಚಗಳು ಬಿಡಿಬಿಡಿಯಾಗಿ ಮೆಟ್ಟಿಲು ಹತ್ತಿದವು. ಕೇಳಿದರೆ ಕಪಾಟಿನ ಭಾಗಗಳು ಎಂದು ಬಾಡಿಗೆದಾರ ನಕ್ಕ. ಆಮೇಲೆ ಅತ್ತೆಯ ಮಕ್ಕಳು, ಮಾವನ ಮಕ್ಕಳು, ಷಡ್ಡಕನ ತಮ್ಮಂದಿರು.

"ಒಬ್ಬನ ಮುಖದಲ್ಲೂ ಇನ್ನೊಬ್ಬನ ಹೋಲಿಕೆ ಇಲ್ಲ," ಎಂದರು ಟೈಲರಮ್ಮ. ಮೇಲ್ಮನೆಯ ಮೆಟ್ಟಿಲು ಅವರ ಯಂತ್ರದ ಕಿಟಕಿಗೆ ಅಂಟಿಕೊಂಡೇ ಇತ್ತು. ಹತ್ತುವವರ ಕಾಲುಗಳೆಲ್ಲ ಅವರಿಗೆ ಪರಿಚಯ. "ಒಬ್ಬನ ಕಾಲೆಲ್ಲ ಮೈದಾ ಹಿಟ್ಟು. ಒಬ್ಬಂದು ಆಸ್ಪತ್ರೆ ವಾಸನೆ. ಇನ್ನೊಬ್ಬಂದು ಈ ದಪ್ಪ ಬೂಟು. ಅದೆಂಥಾ ವಂಶ ರೀ ಇದು, ಹೆಣ್ಣು ಮಕ್ಕಳೇ ಹುಟ್ಟದ ವಂಶ?"

ಕಂಡಕ್ಟರು ಒಂದು ಮುಂಜಾನೆ ಆರಕ್ಕೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ತಲೆ ಎಣಿಸುವುದು ಅವರಿಗೆ ಉಸಿರಾಡಿದಷ್ಟೇ ಸುಲಭ. ತುಂಬಿ ತುಳುಕುವ ಬಸ್ಸಿನಲ್ಲಿ ಮಾತಾಡುತ್ತಾ, ಚಿಲ್ಲರೆ ಕೊಡುತ್ತಾ, ಜಗಳ ಬಿಡಿಸುತ್ತಾ ಎಣಿಸಿದವರು. ಮಧ್ಯಾಹ್ನ ಎರಡೂವರೆಗೆ ಒಳಗೆ ಬಂದವರ ಮುಖ ಒಂಥರಾ ಅರಳಿತ್ತು.

"ಹನ್ನೆರಡು ಹತ್ತಿದ್ರು, ಹನ್ನೆರಡು ಇಳಿದ್ರು. ಒಳಗೆ ಯಾವಾಗ್ಲೂ ಆರೇ ಜನ. ಮುಖ ಮಾತ್ರ ಬೇರೆ ಬೇರೆ! ಒಬ್ಬ ಎದ್ದ ಅಂದ್ರೆ ಇನ್ನೊಬ್ಬ ಬಂದು ಅದೇ ಮಂಚದ ಮೇಲೆ. ದಿನಕ್ಕೆ ಮೂರು ಪಾಳಿ, ಆರು ಮಂಚ, ಹದಿನೆಂಟು ಜನ. ಸೀಟು ತಣ್ಣಗಾಗೋಕೇ ಬಿಡಲ್ಲ ಕಣೇ! ನಮ್ಮ ಡಿಪೋದಲ್ಲಿ ಒಬ್ಬನೇ ಒಬ್ಬ ಇಷ್ಟು ಚೆನ್ನಾಗಿ ಗಾಡಿ ಓಡ್ಸಿಲ್ಲ."

"ನೀವು ಹೊಗಳ್ತಾ ಇದ್ದೀರಾ?"

"ಇಲ್ಲ ಇಲ್ಲ," ಎಂದರು ಕಂಡಕ್ಟರು ಗಂಭೀರರಾಗಿ. "ಬೈತಾ ಇದ್ದೀನಿ."

ಬೈಯಲು ಹೊರಗೆ ಹೋದರೆ ಮೆಟ್ಟಿಲ ಮೇಲೆ ಹಿಟ್ಟಿನ ಕಾಲಿನವನು ನಿಂತಿದ್ದ, ಬೇಕರಿಯಲ್ಲಿ ಬ್ರೆಡ್ಡು ಸುಡುವ ಹುಡುಗಾಟದ ಮನುಷ್ಯ. ಕಂಡಕ್ಟರು ಬಾಯಿ ತೆರೆಯುವುದರೊಳಗೆ ಅವನು ಒಂದು ನಾಣ್ಯ ಅವರ ಕೈಗಿಟ್ಟ. ಕೈಗೆ ನಾಣ್ಯ ತಾಕಿದ್ದೇ ತಡ ಅವರ ಬೆರಳುಗಳು ತಾವಾಗಿಯೇ ಹೊಟ್ಟೆಯ ಬಳಿ ಇಲ್ಲದ ಚೀಲದಲ್ಲಿ ಇಲ್ಲದ ಟಿಕೆಟ್ಟು ಹರಿಯಲು ಹೋದವು.

"ತಾತಾ, ಮೇಲೆ ನೀರು ಬರ್ತಿಲ್ಲ. ಸ್ವಲ್ಪ ಮೋಟರ್ ಹಾಕಿ."

"ನನಗ್ಯಾಕೆ ಹೇಳ್ತೀಯ?"

"ಯಜಮಾನರಿಗೆ ಹೇಳಿದ್ರೆ, ಕೆಳಗೆ ವಾಚ್‌ಮನ್ ಇದಾರೆ, ಅವರಿಗೆ ಹೇಳು ಅಂದ್ರು."

"ಯಾವ ಯಜಮಾನರು?"

"ಈ ಮನೆ ಯಜಮಾನರು. ಶುಕ್ರವಾರ ಶುಕ್ರವಾರ ಮಂಚದ ದುಡ್ಡು ತಗೊಳ್ಳೋಕೆ ಬರ್ತಾರಲ್ಲ, ನಗ್ತಾನೇ ಇರ್ತಾರಲ್ಲ, ಅವರು. ಪಾಪ, ಒಳ್ಳೇ ಮನುಷ್ಯ. ನಿಮಗೆ ಇಷ್ಟು ವಯಸ್ಸಾಗಿದ್ರೂ ಕೆಲಸದಿಂದ ತೆಗೆದಿಲ್ವಂತೆ."

ಕಿಟಕಿಯಲ್ಲಿ ಯಂತ್ರದ ಸದ್ದು ನಿಂತಿತು. "ಹಾಗಾದ್ರೆ ನಾನು ಯಾರಂತೆ?" ಎಂದು ಟೈಲರಮ್ಮ ತಲೆ ಹೊರಗೆ ಹಾಕಿದರು.

"ನೀವು ವಾಚ್‌ಮನ್ ತಾತನ ಹೆಂಡತಿ. ಗುಂಡಿ ಹಾಕಿ ಕೊಡ್ತೀರಂತೆ." ಅವನು ಅಂಗಿ ಬಿಚ್ಚಿ ಕಿಟಕಿಯೊಳಗೆ ಚಾಚಿಯೇಬಿಟ್ಟ.

ಟೈಲರಮ್ಮ ನಗಲು ಶುರು ಮಾಡಿದರು. ನಕ್ಕು ನಕ್ಕು ಬಿಕ್ಕಳಿಕೆ ಬಂತು, ಬಿಕ್ಕಳಿಕೆಯ ನಡುವೆಯೇ ಮೂರು ಗುಂಡಿ ಹಾಕಿದರು. ಕಂಡಕ್ಟರು ಹೋಗಿ ಮೋಟರ್ ಹಾಕಿದರು.

ಶುಕ್ರವಾರ ಚಿಲ್ಲರೆ ಮಹಾರಾಯ ಬಂದ. ಆ ಹೆಸರು ಟೈಲರಮ್ಮ ಇಟ್ಟದ್ದು. ಕಂಡಕ್ಟರು ಗೇಟಿನಲ್ಲೇ ತಡೆದರು.

"ಏನಯ್ಯಾ ಇದು? ನನ್ನ ಮನೆಗೆ ನನ್ನನ್ನೇ ವಾಚ್‌ಮನ್ ಮಾಡಿದ್ದೀಯಲ್ಲ!"

"ಅಣ್ಣಾ, ತಪ್ಪು ತಿಳ್ಕೋಬೇಡಿ. ನಿಮ್ಮ ಮೇಲಿನ ಗೌರವಕ್ಕೇ ಹಾಗೆ ಹೇಳಿದ್ದು. ಯಜಮಾನರು ಅಂದಿದ್ರೆ ಹದಿನೆಂಟು ಜನಾನೂ ಬಂದು ನಿಮ್ಮ ತಲೆ ತಿನ್ನೋರು. ನೀವು ನನಗೆ ಅಪ್ಪನ ಸಮಾನ."

"ಒಂದೇ ಉಸಿರಲ್ಲಿ ಅಣ್ಣನೂ ಆದೆ, ಅಪ್ಪನೂ ಆದೆ. ಮನೆ ಖಾಲಿ ಮಾಡು."

"ಖಂಡಿತ ಮಾಡ್ತೀನಿ. ಕೋರ್ಟಿಂದ ಒಂದು ಆರ್ಡರ್ ತನ್ನಿ. ನಾಲ್ಕೈದು ವರ್ಷ ಹಿಡಿಯುತ್ತೆ, ಹಿಡೀಲಿ ಬಿಡಿ. ಅಷ್ಟರಲ್ಲಿ ನಾವೂ ಒಬ್ಬರಿಗೊಬ್ಬರು ಹೊಂದ್ಕೊಂಡಿರ್ತೀವಿ." ಹೀಗೆಂದು ಅವನು ಬರುವ ತಿಂಗಳ ಬಾಡಿಗೆಯನ್ನು ಗೇಟಿನ ಕಂಬದ ಮೇಲೆ ಜೋಡಿಸಿಟ್ಟ. ಒಂದು ನಾಣ್ಯ ಹೆಚ್ಚಿಲ್ಲ, ಒಂದು ನಾಣ್ಯ ಕಡಿಮೆಯಿಲ್ಲ. ಕಂಡಕ್ಟರಿಗೆ ಹೊಟ್ಟೆ ಉರಿದದ್ದು ಅದಕ್ಕೇ.

ಮಂಗಳವಾರ ಬೆಳಿಗ್ಗೆ ಅದೇ ಗೇಟಿಗೆ ಪುರಸಭೆಯವರು ಒಂದು ನೋಟಿಸು ಅಂಟಿಸಿ ಹೋದರು. ಯಾರೋ ಪುಣ್ಯಾತ್ಮರು ಅರ್ಜಿ ಹಾಕಿದ್ದರಂತೆ. ಅನುಮತಿಯಿಲ್ಲದೆ ಈ ಮನೆಯಲ್ಲಿ ವಸತಿಗೃಹ ನಡೆಯುತ್ತಿದೆ. ಶುಕ್ರವಾರ ಹತ್ತು ಗಂಟೆಗೆ ತಪಾಸಣೆ. ಬಾಡಿಗೆ ಹಾಸಿಗೆಯಲ್ಲಿ ಮಲಗಿದ ಒಬ್ಬನೇ ಒಬ್ಬ ವ್ಯಕ್ತಿ ಕಂಡುಬಂದರೂ ಮನೆಗೆ, ಕೆಳಗೂ ಮೇಲೂ ಸೇರಿ, ಬೀಗಮುದ್ರೆ.

ಕಂಡಕ್ಟರು ಅದನ್ನು ಮೂರು ಸಲ ಓದಿದರು. ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಸುರಿದು ಕಟ್ಟಿದ ಮನೆ ಅದು. ಒಂದೊಂದು ಇಟ್ಟಿಗೆಯೂ ಊದಿಕೊಂಡ ಕಾಲಿನ ಸಂಪಾದನೆ. ಟೈಲರಮ್ಮನ ಕೋಣೆಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ಕೊಡಬೇಕಾದ ಇನ್ನೂರು ಸಮವಸ್ತ್ರಗಳು ಸೊಂಟದೆತ್ತರಕ್ಕೆ ಬಿದ್ದಿದ್ದವು. ಶುಕ್ರವಾರ ಬೀಗ ಬಿದ್ದರೆ ಇವರಿಬ್ಬರೂ ಆ ಬಟ್ಟೆ, ಆ ಯಂತ್ರದ ಸಮೇತ ಬೀದಿಯಲ್ಲಿ.

ಬಾಮೈದನನ್ನು ಕರೆಸಿದರು.

"ಒಳಬಾಡಿಗೆಯವರಿಗೆ ಹದಿನೈದು ದಿನದ ನೋಟಿಸ್ ಕೊಡ್ಬೇಕು ಭಾವ."

"ನನ್ನ ಹತ್ರ ಮೂರು ದಿನ ಇದೆ."

"ಮೂರು ದಿನದ ನೋಟಿಸ್ ಕಾನೂನಲ್ಲಿ ಇಲ್ಲ."

"ಕಾನೂನಲ್ಲಿ ಮತ್ತೇನಿದೆಯೋ ಮಾರಾಯ?"

"ಕಾಗದ ಇದ್ದಿದ್ರೆ ಎಲ್ಲಾ ಇತ್ತು," ಎಂದು ಗುಮಾಸ್ತ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರಿನಲ್ಲಿ ಒಂದು ಚೂರು ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕಂಡಕ್ಟರು ತಲೆಯ ಮೇಲೆ ಕೈ ಹೊತ್ತು ಕೂತರು. ಟೈಲರಮ್ಮ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು. ಬಾಯಿ ಖಾಲಿಯಾದ ಮೇಲೆ ಕೇಳಿದರು:

"ಏನ್ರೀ, ದಾರೀಲಿ ಬಸ್ ಕೆಟ್ಟು ನಿಂತ್ರೆ ನೀವು ಏನ್ಮಾಡ್ತಿದ್ರಿ?"

"ಇನ್ನೇನು ಮಾಡೋದು? ಹಿಂದೆ ಬರೋ ಗಾಡಿಗಳಿಗೆ ಕೈ ತೋರ್ಸಿ ಒಬ್ಬೊಬ್ಬರನ್ನೇ ಹತ್ತಿಸ್ತಿದ್ದೆ. ಎಲ್ಲರೂ ಹೋಗೋವರೆಗೂ ಅಲ್ಲೇ..." ಅರ್ಧಕ್ಕೇ ಮಾತು ನಿಲ್ಲಿಸಿ ಕಂಡಕ್ಟರು ಎದ್ದು ನಿಂತರು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಮೇಲೆ ಹನ್ನೆರಡು ಜನ ಒಟ್ಟಿಗೆ ಸಿಗುತ್ತಾರೆ. ಆ ಹೊತ್ತಿಗೆ ಸರಿಯಾಗಿ ಕಂಡಕ್ಟರು ಬಾಗಿಲಲ್ಲಿ ನಿಂತು, ಐದು ವರ್ಷದಿಂದ ತೆಗೆಯದಿದ್ದ ಗಂಟಲು ತೆಗೆದರು.

"ಯಾರೂ ಅಲ್ಲಾಡಬೇಡಿ! ಎಲ್ಲರೂ ಟಿಕೆಟ್ ತೋರ್ಸಿ!"

ಮಲಗಿದ್ದವರು ಎದ್ದು ಕೂತರು. ಹಲ್ಲುಜ್ಜುತ್ತಿದ್ದವನು ನೊರೆ ನುಂಗಿದ.

"ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಇದೆಯಾ? ಯಾರ ಹತ್ರಾನಾದ್ರೂ ಇದೆಯಾ? ಇಲ್ಲ. ನಾನು ವಾಚ್‌ಮನ್ ಅಲ್ಲ. ಈ ಮನೆ ನಂದು. ನಿಮ್ಮ ಹತ್ರ ಶುಕ್ರವಾರ ವಸೂಲಿ ಮಾಡ್ತಾನಲ್ಲ, ಅವನು ನನ್ನ ಬಾಡಿಗೆದಾರ."

ಬೇಕರಿಯವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಅಯ್ಯಯ್ಯೋ! ಮೊನ್ನೆ ನಾನು ನಿಮಗೆ ಮೆಟ್ಟಿಲು ಗುಡಿಸಿ ಅಂದಿದ್ದೆ!"

"ಗುಡಿಸಿದ್ದೀನಲ್ಲ."

"ಕ್ಷಮಿಸಿ ಸಾರ್! ಮೂಲೇಲಿ ಕಸ ಉಳಿದಿದೆ ಅಂತ ಬೈದೂ ಬೈದೆ!"

"ಉಳಿದಿತ್ತು. ಆಮೇಲೆ ತೆಗೆದೆ." ಕಂಡಕ್ಟರು ನೋಟಿಸು ಓದಿದರು. "ಈ ಗಾಡಿ ಇಲ್ಲಿಗೆ ನಿಂತಿತು. ಶುಕ್ರವಾರ ಹತ್ತು ಗಂಟೆಗೆ ಇದನ್ನ ಸೀಜ್ ಮಾಡ್ತಾರೆ. ಅಷ್ಟರೊಳಗೆ ಎಲ್ಲರೂ ಇಳೀಬೇಕು."

"ಇಳಿದು ಎಲ್ಲಿಗೆ ಹೋಗೋದು ತಾತಾ, ಅಲ್ಲ, ಸಾರ್?" ಎಂದ ಆಸ್ಪತ್ರೆಯವನು. "ಮಂಚ ಹುಡ್ಕೋಕೇ ನನಗೆ ಎರಡು ತಿಂಗಳಾಯ್ತು."

"ಬೀದೀಲಿ ಬಿಟ್ಟು ಹೋಗೋ ಕಂಡಕ್ಟರ್ ಅಲ್ಲ ನಾನು. ಬೇರೆ ಗಾಡಿಗೆ ಹತ್ತಿಸ್ತೀನಿ. ಗಂಟು ಕಟ್ಕೊಳ್ಳಿ."

ಆಮೇಲೆ ಎರಡು ದಿನ ಆ ಮನೆಯಲ್ಲಿ ನಡೆದದ್ದನ್ನು ನೋಡಬೇಕಿತ್ತು. ಕಂಡಕ್ಟರು ಫೋನು ಹಿಡಿದು ಕೂತು, ನಿವೃತ್ತರಾದ ಡ್ರೈವರುಗಳು, ಕಂಡಕ್ಟರುಗಳು, ಡಿಪೋದ ಮೆಕ್ಯಾನಿಕ್ಕುಗಳು, ಗೊತ್ತಿದ್ದವರಿಗೆಲ್ಲ ಕರೆ ಮಾಡಿದರು. ಮೊದಲ ಕರೆ, ಡಿಪೋದಲ್ಲಿ ಎಲ್ಲರೂ ಗೇರ್‌ಬಾಕ್ಸು ಎನ್ನುತ್ತಿದ್ದ ಹಳೆಯ ಡ್ರೈವರಿಗೆ.

"ಏಯ್ ಗೇರ್‌ಬಾಕ್ಸು, ನಿನ್ನ ಮನೇಲಿ ಸೀಟಿದೆಯಾ?"

"ಎರಡಿದೆ. ಒಂದು ಕಿಟಕಿ ಪಕ್ಕ. ಯಾಕೆ?"

"ಬ್ರೇಕ್‌ಡೌನ್ ಆಗಿದೆ. ಹದಿನೆಂಟು ಪ್ಯಾಸೆಂಜರು."

"ಸ್ಟ್ಯಾಂಡಿಂಗ್ ಆದ್ರೆ ಇನ್ನೂ ಇಬ್ಬರನ್ನ ಕಳಿಸು."

ಯಾರಿಗೂ ಹೆಚ್ಚಿಗೆ ವಿವರಿಸಬೇಕಾಗಲಿಲ್ಲ. ಬ್ರೇಕ್‌ಡೌನ್ ಎಂದರೆ ಅವರೆಲ್ಲರಿಗೂ ಮೈಯಲ್ಲೇ ಗೊತ್ತು. ಒಬ್ಬರ ಮನೆಯ ಹಿಂದಿನ ಕೋಣೆ, ಒಬ್ಬರ ಮಗಳ ಖಾಲಿ ಬಿದ್ದ ಕೋಣೆ, ಒಬ್ಬರ ಅಂಗಡಿಯ ಮೇಲಿನ ಉಗ್ರಾಣ. "ಇವರೇನಾದ್ರೂ ಒಳ್ಳೇ ಜನಾನಾ?" ಎಂದು ಕೇಳಿದವರಿಗೆ ಟೈಲರಮ್ಮ ಫೋನು ಕಿತ್ತುಕೊಂಡು ಉತ್ತರ ಕೊಟ್ಟರು: "ಜನ ಚಿನ್ನದಂಥೋರು. ಆದ್ರೂ ಕಾಗದ ಬರೆಸ್ಕೊಳ್ಳಿ. ನಮ್ಮೆಜಮಾನ್ರು ಒಳ್ಳೇವರು ಅಂದ್ರೆ ಎರಡು ಕಾಗದ ಬರೆಸ್ಕೊಳ್ಳಿ." ಗುಮಾಸ್ತ ಅಷ್ಟೂ ಮನೆಗಳಿಗೆ ಓಡಾಡಿ ಕರಾರುಪತ್ರ ಹಂಚಿದ. ಬದುಕಿನಲ್ಲಿ ಅವನು ಅಷ್ಟು ಖುಷಿಯಾಗಿದ್ದದ್ದನ್ನು ಅಕ್ಕ ನೋಡಿರಲಿಲ್ಲ.

ಬುಧವಾರ ಎಂಟು ಜನ, ಗುರುವಾರ ಒಂಬತ್ತು ಜನ ತಲೆಯ ಮೇಲೆ ಹಾಸಿಗೆ, ಕಂಕುಳಲ್ಲಿ ಬಕೆಟ್ಟು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಿಡಿದು ಇಳಿದರು. ಮಂಚಗಳನ್ನೂ ತಲಾ ಒಂದೊಂದು ಭಾಗ ಹೊತ್ತು ಸಾಗಿಸಿದರು. ಮೆಟ್ಟಿಲ ಬುಡದಲ್ಲಿ ನಿಂತ ಕಂಡಕ್ಟರು "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ" ಎಂದು ಕೂಗುತ್ತಿದ್ದರು. ಬೇಕರಿಯವನು ಹೋಗುವಾಗ ಟೈಲರಮ್ಮನಿಗೆ ಒಂದು ಬಿಸಿ ಬ್ರೆಡ್ಡು ಕೊಟ್ಟು, ಕಂಡಕ್ಟರ ಕಾಲಿಗೆ ಬೀಳಲು ಹೋಗಿ, ತಲೆಯ ಮೇಲಿನ ಹಾಸಿಗೆಯನ್ನು ಅವರ ಮೇಲೆ ಬೀಳಿಸಿದ.

ಗುರುವಾರ ಸಂಜೆ ಎಲ್ಲ ಮುಗಿಯಿತು ಎನ್ನುವಾಗ ಕಂಡಕ್ಟರು ಮಾತ್ರ ಬೆರಳು ಮಡಚುತ್ತಲೇ ಇದ್ದರು.

"ಹದಿನೇಳು."

"ಭಾವ, ಮನೆ ಖಾಲಿ. ನಾನೇ ನೋಡ್ಕೊಂಡು ಬಂದೆ."

"ಹದಿನೇಳೇ ಕಣೋ ಇಳಿದಿದ್ದು. ಆ ಬೂಟಿನ ಸೆಕ್ಯುರಿಟಿಯವನು ಎಲ್ಲಿ?"

"ಅವನು ಎರಡು ದಿನದಿಂದ ಡಬಲ್ ಡ್ಯೂಟೀಲಿದ್ದಾನಂತೆ. ಫೋನ್ ಸತ್ತಿದೆ. ಹೇಳಿ ಕಳ್ಸಿದ್ದೀವಲ್ಲ. ವಯಸ್ಸಾಯ್ತು ಭಾವ ನಿಮಗೆ, ಬಿಡಿ."

"ವಯಸ್ಸು ನನಗಾಗಿದೆ. ಲೆಕ್ಕಕ್ಕಾಗಿಲ್ಲ," ಎಂದು ಗೊಣಗಿದರು ಕಂಡಕ್ಟರು.

ಶುಕ್ರವಾರ ಹತ್ತಕ್ಕೆ ಪುರಸಭೆಯ ಇನ್ಸ್‌ಪೆಕ್ಟರಮ್ಮ ಬಂದರು. ಕೊಡೆ, ಕಡತ, ಸರಕ್ಕೆ ಕಟ್ಟಿದ ಕನ್ನಡಕ, ನಗೆಯ ಸುಳಿವೇ ಇಲ್ಲದ ಮುಖ. ಹಿಂದೆ ಅರಗು, ಬೀಗ ಹಿಡಿದ ಸಿಬ್ಬಂದಿಯವನೊಬ್ಬ. ಕಂಡಕ್ಟರ ಕಣ್ಣು ಆ ಬೀಗದ ಗಾತ್ರದ ಮೇಲೇ ನೆಟ್ಟಿತ್ತು. ಟೈಲರಮ್ಮ ಹೊಲಿದು ಮುಗಿಸಿದ್ದ ಒಂದು ಪರದೆಯನ್ನು ಹೆಗಲ ಮೇಲೆ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ ಮೆಟ್ಟಿಲು ಹತ್ತಿದರು. ಹೆಗಲ ಮೇಲೆ ಬಟ್ಟೆ ಇದ್ದರೆ ಅವರಿಗೆ ಧೈರ್ಯ.

ಇನ್ಸ್‌ಪೆಕ್ಟರಮ್ಮ ಕೋಣೆ ಕೋಣೆ ನೋಡಿದರು. ಬಚ್ಚಲು ನೋಡಿದರು. ನೆಲದಲ್ಲಿ ಮಂಚದ ಕಾಲಿನ ಇಪ್ಪತ್ತನಾಲ್ಕು ಗುರುತುಗಳನ್ನು ಕೊಡೆಯ ತುದಿಯಿಂದ ಮುಟ್ಟಿ ಮುಟ್ಟಿ ನೋಡಿದರು. "ಗುರುತಿಗೆ ಬೀಗ ಹಾಕೋಕಾಗಲ್ಲ. ಜನ ಇರ್ಬೇಕು," ಎಂದು ಕಡತ ತೆರೆದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಲಘುವಾದ ಹೆಜ್ಜೆ ಕೇಳಿತು. ಶುಕ್ರವಾರವಲ್ಲವೇ! ಚಿಲ್ಲರೆ ಮಹಾರಾಯ ವಸೂಲಿಗೆಂದು ನಗುತ್ತಾ ಬಾಗಿಲಿಗೆ ಬಂದವನು ಖಾಲಿ ಕೋಣೆಯನ್ನು ಕಂಡು ಬಾಯಿ ತೆರೆದ.

"ಎಲ್ಲಿ? ಎಲ್ಲಿ ನಮ್ಮ..."

"ನಮ್ಮ ಅಂದ್ರೆ?" ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿದರು. "ನೀವು ಯಾರು? ಇದನ್ನ ಬಾಡಿಗೆಗೆ ತಗೊಂಡು ವಸತಿಗೃಹ ನಡೆಸ್ತಿದ್ದಾನೆ ಅಂತ ಅರ್ಜೀಲಿ ಬರೆದಿರೋದು ನಿಮ್ಮನ್ನೇನಾ? ಹಾಗಿದ್ರೆ ನಿಮ್ಮ ಮೇಲೂ ಕೇಸಿದೆ."

ಕಂಡಕ್ಟರು ಅವನ ಮುಖವನ್ನೇ ನೋಡುತ್ತಿದ್ದರು. ಚೆಕಿಂಗಿನವರು ಬಸ್ಸು ಹತ್ತಿದಾಗ ಟಿಕೆಟ್ಟಿಲ್ಲದವನ ಮುಖ ಹೇಗಾಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮೂಗಿನ ತುದಿ ಬೆವರುತ್ತದೆ, ಮೂರನೆಯದು ಮಾತು. ಕಿವಿ ಕೆಂಪಾಯಿತು. ಮೂಗು ಬೆವರಿತು.

"ನಾನಾ? ಛೆ ಛೆ! ನಾನು ಇವರನ್ನ ಮಾತಾಡಿಸ್ಕೊಂಡು ಹೋಗ್ಣಾಂತ ಬಂದೆ ಮೇಡಂ."

"ಇಲ್ಲಿ ವಾಸ ಇಲ್ವಾ?"

"ಒಂದು ದಿನಾನೂ ಮಲಗಿಲ್ಲ ಮೇಡಂ!"

"ಅದು ಸತ್ಯ," ಎಂದರು ಕಂಡಕ್ಟರು.

"ಬಾಡಿಗೆಗೆ ತಗೊಂಡಿಲ್ವಾ?"

"ನನಗೂ ಈ ಮನೆಗೂ ಯಾವ ಸಂಬಂಧಾನೂ ಇಲ್ಲ."

"ಒಳ್ಳೇದಾಯ್ತು. ಮೇಲ್ಮನೆ ಖಾಲಿ ಇದೆ ಅಂತ ಬರೀತಿದ್ದೀನಿ. ಹೊರಗಿನವರದ್ದೊಂದು ಸಾಕ್ಷಿ ಸಹಿ ಬೇಕಿತ್ತು. ಹಾಕಿ."

ಗುಮಾಸ್ತ ಎಲ್ಲಿದ್ದನೋ, ಪೆನ್ನಿನ ಟೋಪಿ ತೆಗೆದು ಅವನ ಬೆರಳುಗಳ ನಡುವೆ ಇಟ್ಟೇಬಿಟ್ಟ. ಚಿಲ್ಲರೆ ಮಹಾರಾಯ ಒಮ್ಮೆ ಕಾಗದ ನೋಡಿದ, ಒಮ್ಮೆ ಸಿಬ್ಬಂದಿಯವನ ಕೈಯ ಬೀಗ ನೋಡಿದ, ಸಹಿ ಹಾಕಿದ. ಮನೆ ಖಾಲಿ ಎಂದು, ತನ್ನ ಕೈಯಾರೆ, ದಿನಾಂಕ ಸಮೇತ.

ಶಾಯಿ ಒಣಗಿರಲಿಲ್ಲ. ಬಚ್ಚಲಿನ ಮೇಲಿನ ಅಟ್ಟದಿಂದ ಒಂದು ಸದ್ದು ಬಂತು.

ಗೊರ್‌ರ್‌ರ್... ಆಮೇಲೆ ಒಂದು ಸಿಳ್ಳೆ. ಮತ್ತೆ ಗೊರ್‌ರ್‌ರ್.

"ಹದಿನೆಂಟು," ಎಂದು ಕಂಡಕ್ಟರ ತುಟಿಗಳು ತಾವಾಗಿಯೇ ಅಲ್ಲಾಡಿದವು.

ಎರಡು ದಿನ ಕಣ್ಣು ಮುಚ್ಚದ ಸೆಕ್ಯುರಿಟಿಯವನು ಬೆಳಿಗ್ಗೆ ಆರಕ್ಕೆ ಅಭ್ಯಾಸಬಲದಿಂದ ಮೇಲೆ ಬಂದು, ಮಂಚ ಕಾಣದೆ, ಹೆಚ್ಚು ಯೋಚಿಸದೆ ಅಟ್ಟ ಹತ್ತಿ ಮಲಗಿಬಿಟ್ಟಿದ್ದ. ನಿದ್ದೆಯಲ್ಲಿ ಹೊರಳಿದ್ದಕ್ಕೆ ಅವನ ಒಂದು ಬೂಟು ಈಗ ಅಟ್ಟದ ಅಂಚಿನಿಂದ ಹೊರಗೆ ಚಾಚಿಕೊಂಡಿತ್ತು.

"ಅದೇನದು ಸದ್ದು?" ಎಂದರು ಇನ್ಸ್‌ಪೆಕ್ಟರಮ್ಮ.

ಕಂಡಕ್ಟರು ಕೈ ಮುಗಿದರು. ಗುಮಾಸ್ತನಿಗೆ ಕಾನೂನು ಮರೆತುಹೋಯಿತು. ಆದರೆ ಈಗ ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದವನು ಚಿಲ್ಲರೆ ಮಹಾರಾಯ. ಖಾಲಿ ಎಂದು ಸಹಿ ಹಾಕಿದವನು ಅವನು!

"ಪಾರಿವಾಳ ಮೇಡಂ!" ಎಂದು ಕೂಗಿಕೊಂಡ.

"ಪಾರಿವಾಳ ಹೀಗೆ ಕೂಗುತ್ತಾ?"

"ದಪ್ಪ ಪಾರಿವಾಳ ಮೇಡಂ. ಊಟ ಜಾಸ್ತಿ ಆಗಿರುತ್ತೆ." ಗೊರಕೆ ಮತ್ತೆ ಬಂತು. ಅವನೂ ಅದರ ಜತೆಗೇ ಗಂಟಲುಬ್ಬಿಸಿ "ಗುಟರ್‌ಗೂ, ಗುಟರ್‌ಗೂ" ಎನ್ನತೊಡಗಿದ. "ಹೀಗೆ ಮೇಡಂ. ಜೋಡಿ ಇದ್ರೆ ಹೀಗೇ."

ಇನ್ಸ್‌ಪೆಕ್ಟರಮ್ಮ ಬಚ್ಚಲಿನ ಕಡೆ ಎರಡು ಹೆಜ್ಜೆ ಇಟ್ಟರು. ಟೈಲರಮ್ಮ ಹೆಗಲ ಮೇಲಿನ ಪರದೆಯನ್ನು ಬೀಸಿ ಬಿಡಿಸಿ, ಎರಡೂ ಕೈ ಎತ್ತಿ, ಅಟ್ಟಕ್ಕೆ ಅಡ್ಡಲಾಗಿ ಹಿಡಿದು ನಿಂತರು.

"ನೀವೇನಮ್ಮಾ ಮಾಡ್ತಿದ್ದೀರಿ?"

"ಅಳತೆ ನೋಡ್ತಿದ್ದೀನಿ ಮೇಡಂ. ಪಾರಿವಾಳಕ್ಕೆ ಬೆಳಕು ಬಿದ್ರೆ ಆಗಲ್ಲ."

ಬೂಟು ನಿದ್ದೆಯಲ್ಲಿ ಪರದೆಯನ್ನು ಒಮ್ಮೆ ಒದೆಯಿತು. ಬಟ್ಟೆ ಉಬ್ಬಿ, ಮತ್ತೆ ಇಳಿಯಿತು. ಇನ್ಸ್‌ಪೆಕ್ಟರಮ್ಮ ಆ ಉಬ್ಬನ್ನು ನೋಡಿದರು, ಗುಟರ್‌ಗುಡುತ್ತಿದ್ದ ಸಾಕ್ಷಿಯನ್ನು ನೋಡಿದರು, ಕೈ ಮುಗಿದುಕೊಂಡು ನಿಂತಿದ್ದ ಕಂಡಕ್ಟರನ್ನು ನೋಡಿದರು. ಅವರ ಮೂಗಿನ ಹೊಳ್ಳೆ ಎರಡು ಸಲ ಅರಳಿತು.

"ಪಾರಿವಾಳದ ಹತ್ರ ಬಾಡಿಗೆ ತಗೊಳ್ತಿಲ್ಲ ತಾನೇ?"

"ದೇವರಾಣೆ ಇಲ್ಲ ಮೇಡಂ," ಎಂದರು ಕಂಡಕ್ಟರು.

"ಸಂಜೆಯೊಳಗೆ ಹಾರಿಸಿಬಿಡಿ." ಕಡತ ಮುಚ್ಚಿ ಇಳಿದು ಹೋದರು. ಗೇಟು ದಾಟಿದ ಮೇಲೆ ಬೀಗ ಹಿಡಿದವನೂ ಅವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕದ್ದನ್ನು ಎದುರು ಮನೆಯವರು ನೋಡಿದರಂತೆ.

ಮೇಲೆ ಗುಟರ್‌ಗೂ ನಿಲ್ಲಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

"ಸಾಕು, ಹೋದ್ರು," ಎಂದ ಗುಮಾಸ್ತ.

"ಅಣ್ಣಾ," ಎಂದ ಚಿಲ್ಲರೆ ಮಹಾರಾಯ ಬೆವರು ಒರೆಸಿಕೊಳ್ಳುತ್ತಾ, "ನನ್ನ ಮನೆ..."

"ಯಾವ ಮನೆ?" ಗುಮಾಸ್ತನ ದನಿ ಜೇನಿನಂತಿತ್ತು. "ನೀವು ಮಾತಾಡಿಸೋಕೆ ಬಂದೋರು. ಮಾತಾಡಿಸಿದ್ದಾಯ್ತಲ್ಲ?"

ಕಂಡಕ್ಟರು ಒಳಗಿನಿಂದ ಅವನ ಮುಂಗಡ ತಂದು ಕೈಗಿಟ್ಟರು. ಅವನು ಮೆಟ್ಟಿಲಿಳಿದ. ಆ ಮುಖದಲ್ಲಿ ನಗು ಇಲ್ಲದ್ದನ್ನು ಅವರು ಕಂಡದ್ದು ಅದೇ ಮೊದಲು. ನಗು ಹೋದಮೇಲೆ ಪಾಪ ಸಾಧಾರಣ ಮನುಷ್ಯನಂತೆ ಕಾಣುತ್ತಿದ್ದ.

ಅಟ್ಟದಲ್ಲಿದ್ದವನನ್ನು ಎಬ್ಬಿಸಲು ಗುಮಾಸ್ತ ಏಣಿ ತಂದ. ಟೈಲರಮ್ಮ ಬಿಡಲಿಲ್ಲ. "ಎರಡು ದಿನ ಮಲಗಿಲ್ಲ ಅದು. ಎರಡು ಗಂಟೆಗೆ ತಾನೇ ಏಳುತ್ತೆ." ಮೂವರೂ ಖಾಲಿ ಕೋಣೆಯ ನೆಲದ ಮೇಲೆ ಕೂತು ಬೇಕರಿಯವನು ಕೊಟ್ಟಿದ್ದ ಬ್ರೆಡ್ಡು ಹರಿದು ತಿಂದರು. ಗೊರಕೆಗೆ ಒಮ್ಮೆ ಸಿಳ್ಳೆ ಬಂದಾಗ ಒಬ್ಬರು ನಕ್ಕರೆ ಇನ್ನಿಬ್ಬರೂ ನಗುವರು; ನಗು ನಿಂತಿತು ಎನ್ನುವಾಗ ಗುಮಾಸ್ತ ಮೆಲ್ಲಗೆ "ಜೋಡಿ ಇದ್ರೆ ಹೀಗೇ" ಎನ್ನುವನು, ಮತ್ತೆ ಶುರು.

ಎರಡಕ್ಕೆ ಸರಿಯಾಗಿ ಸೆಕ್ಯುರಿಟಿಯವನು ಅಟ್ಟದಲ್ಲಿ ಎದ್ದು ಕೂತ. ತಲೆಗೆ ಚಾವಣಿ ತಾಕಿತು. ತಲೆ ಉಜ್ಜಿಕೊಳ್ಳುತ್ತಾ ಸುತ್ತ ನೋಡಿದ.

"ಏನು ತಾತಾ, ಇವತ್ತು ಇಷ್ಟು ನಿಶ್ಶಬ್ದ? ಒಬ್ಬರೂ ಕಾಣ್ತಿಲ್ಲ. ಸದ್ದಿಲ್ದೆ ಸರಿಯಾಗಿ ನಿದ್ದೇನೇ ಬರ್ಲಿಲ್ಲ ನನಗೆ."

ಟೈಲರಮ್ಮ ಪರದೆಯಲ್ಲಿ ಮುಖ ಮುಚ್ಚಿಕೊಂಡರು. ಗುಮಾಸ್ತ ಗೋಡೆ ಹಿಡಿದು ಎದ್ದು ಇನ್ನೊಂದು ಕೋಣೆಗೆ ಹೋಗಿ ಅಲ್ಲಿ ಕುಸಿದ. ಕಂಡಕ್ಟರು ಫೋನು ತೆಗೆದು ಗೇರ್‌ಬಾಕ್ಸಿಗೆ ಕರೆ ಮಾಡಿದರು. ಮಾತು ಹೊರಡಲು ಮೂರು ಸಲ ಪ್ರಯತ್ನ ಬೇಕಾಯಿತು.

"ಆ ಕಿಟಕಿ ಪಕ್ಕದ ಸೀಟು ಇನ್ನೂ ಖಾಲಿ ಇದೆಯೇನೋ? ಕೊನೇ ಪ್ಯಾಸೆಂಜರ್‌ನ ನಾನೇ ಕರ್ಕೊಂಡು ಬರ್ತಿದ್ದೀನಿ. ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ನನ್ನನ್ನ ಬೈಬೇಡ. ಗೊರಕೆ ಹೊಡೀತಾನೆ."

"ಎಂಥಾ ಗೊರಕೆ?" ಎಂದಿತು ಆ ಕಡೆಯ ದನಿ.

ಕಂಡಕ್ಟರು ಹೆಂಡತಿಯ ಕಡೆ ನೋಡಿದರು. ನೋಡಬಾರದಿತ್ತು.